ಸೊನ್ನೆ ಬೇರೆ, ಶೂನ್ಯ ಬೇರೆ

ಮಾರ್ಚ್ 3, ಸೋಮವಾರ

ಇಂದಿನಿಂದ ಈ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಮನೆಯಲ್ಲಿ ಬೈದರೆ ನಮ್ಮವರು ಎದ್ದು ಬಾಲ್ಕನಿಗೆ ಹೋಗುತ್ತಾರೆ. ಆಫೀಸಿನಲ್ಲಿ ಬೈದರೆ ಮೆಮೊ ಬರುತ್ತದೆ. ಕಾಗದ ಎಲ್ಲಿಗೂ ಎದ್ದು ಹೋಗುವುದಿಲ್ಲ.

ಬೆಳಿಗ್ಗೆ ನಾನು ನೋಡಿಕೊಳ್ಳುವ ಸರ್ವರಿನ ಇನ್ನೊಂದು ಡಿಸ್ಕ್ ಸತ್ತಿತು. ಎಂಟರಲ್ಲಿ ಎರಡು ಹೋದಂತಾಯಿತು. ಮೂರನೆಯದು ಹೋದರೆ ಪ್ರಯೋಗಾಲಯದ ಹತ್ತೊಂಬತ್ತು ವರ್ಷದ ದಾಖಲೆಯೂ ಅದರ ಹಿಂದೆಯೇ ಹೋಗುತ್ತದೆ. ಬ್ಯಾಕಪ್ ತೆಗೆಯುವ ಯಂತ್ರ ಕೆಟ್ಟು ವರ್ಷವಾಯಿತು. ಸರ್ವರ್ ಕೋಣೆ ಎಂದು ಬಾಗಿಲಿಗೆ ಬೋರ್ಡೇನೋ ಇದೆ; ಒಳಗೆ ನೋಡಿದರೆ ಅದು ಹಳೆಯ ಸ್ನಾನದ ಮನೆ, ಮೂಲೆಯಲ್ಲಿ ನೀರು ಹೋಗುವ ಜಾಲರಿ ಇನ್ನೂ ಇದೆ. ಎ.ಸಿ. ಸೋರಿದರೆ ಒರೆಸುವ ತಾಪತ್ರಯವಿಲ್ಲ ಎಂದು ಹಿಂದಿನ ನಿರ್ದೇಶಕರು ಇದನ್ನೇ ಕೊಟ್ಟರಂತೆ. ಎಂಥ ಬುದ್ಧಿವಂತಿಕೆ.

ಮಧ್ಯಾಹ್ನ ಈಗಿನ ನಿರ್ದೇಶಕರು ಕರೆದು, "ಹೊಸ ಸರ್ವರ್‌ಗೆ ಒಂದು ಪ್ಲಾನ್ ಮಾಡಿ ಕೊಡಿ ಮೇಡಂ, ಹತ್ತು ದಿನ ಸಾಕಲ್ವಾ?" ಎಂದರು. ನಾಲ್ಕು ವರ್ಷದಿಂದ ನಾನೇ ಅಂಗಲಾಚುತ್ತಿದ್ದೆ. ಈಗ ಹತ್ತು ದಿನವಂತೆ. ಹಲ್ಲು ಕಡಿದುಕೊಂಡು "ಆಗಲಿ ಸಾರ್" ಎಂದು ಬಂದೆ.

ಮಾರ್ಚ್ 5, ಬುಧವಾರ

ಸಿಟ್ಟಿನಲ್ಲಿ ಮೊನ್ನೆ ಮುಖ್ಯವಾದದ್ದನ್ನೇ ಬರೆಯಲಿಲ್ಲ. ನಮ್ಮ ಪ್ರಯೋಗಾಲಯ ನೋಡುವುದು ಒಂದೇ ಕಾಯಿಲೆಯನ್ನು. ಹೃದಯದ ಗೋಡೆ ದಪ್ಪವಾಗುತ್ತ ಹೋಗುವ ಕಾಯಿಲೆ, ಮನೆತನದಲ್ಲಿ ಹರಿದು ಬರುವಂಥದ್ದು. ಮನುಷ್ಯ ಗಟ್ಟಿಮುಟ್ಟಾಗಿ ಓಡಾಡುತ್ತಿರುತ್ತಾನೆ, ಒಂದು ದಿನ ಮೆಟ್ಟಿಲು ಹತ್ತುತ್ತ ಹತ್ತುತ್ತ ಬಿದ್ದುಬಿಡುತ್ತಾನೆ. ನಮ್ಮಪ್ಪ ಬಿದ್ದಾಗ ನಲವತ್ತನಾಲ್ಕು. ಕೈಯಲ್ಲಿ ನನ್ನ ಹೊಸ ಮೇಜಿನ ಒಂದು ಕಾಲು ಇತ್ತು.

ನನ್ನ ರಕ್ತವನ್ನು ಆಗಲೇ ನೋಡಿದ್ದರು, ಏನೂ ಇಲ್ಲ ಎಂದು ಡಾಕ್ಟರರೇ ಹೇಳಿದರು. ನನ್ನ ತಮ್ಮ ಪರೀಕ್ಷೆಗೆ ರಕ್ತ ಕೊಟ್ಟದ್ದು ತಡವಾಗಿ, ಒಂಬತ್ತು ವರ್ಷದ ಹಿಂದೆ. ಅವನು ಅಗ್ನಿಶಾಮಕ ದಳದವನು. ಕೊಟ್ಟ ವಾರವೇ ಏಣಿಗಾಡಿ ಬಿಟ್ಟು, ತಾನೇ ಕೇಳಿಕೊಂಡು ಕಂಟ್ರೋಲ್ ರೂಮಿನಲ್ಲಿ ಫೋನೆತ್ತುವ ಕೆಲಸಕ್ಕೆ ಕುಳಿತ. ಇಲ್ಲಿಯ ಪದ್ಧತಿ ಹೇಗೆಂದರೆ, ದೋಷ ಸಿಕ್ಕಿದವರಿಗೆ ಮಾತ್ರ ಕಾಗದ ಹೋಗುತ್ತದೆ. ಅವನಿಗೆ ಬಂದಿಲ್ಲ. ಬಂದಿಲ್ಲವೆಂದರೆ ಏನೂ ಇಲ್ಲವೆಂದೋ, ಇನ್ನೂ ನೋಡಿಲ್ಲವೆಂದೋ ಅವನು ಕೇಳಲಿಲ್ಲ, ಹೆದರಿಕೆ. ನಾನೂ ನೋಡಲಿಲ್ಲ. ಮನೆಯವರ ದಾಖಲೆ ತೆರೆದರೆ ಕೆಲಸಕ್ಕೇ ಸಂಚಕಾರ. ಯಾರು ಯಾವಾಗ ಏನು ತೆರೆದರು ಎಂದು ಬರೆದಿಡುವ ಲಾಗನ್ನು ಅಳವಡಿಸಿದವಳೇ ನಾನು.

ಹೊಸ ಸರ್ವರ್ ಬಂದ ಮೇಲೆ ಎಲ್ಲ ಮೂರು ಸಾವಿರದ ನೂರು ಜನರಿಗೂ ಫಲಿತಾಂಶ ತಾನೇ ತಾನಾಗಿ ಹೋಗಬೇಕು ಎಂದು ನಿರ್ದೇಶಕರ ಆಸೆ. ಅದೊಂದೇ ಅವರು ಹೇಳಿದ ಒಳ್ಳೆಯ ಮಾತು.

ಮಾರ್ಚ್ 7, ಶುಕ್ರವಾರ

ಲೆಡ್ಜರಮ್ಮ. ಇವಳ ಬಗ್ಗೆ ಬರೆಯಲು ಈ ನೋಟ್‌ಬುಕ್ಕು ಸಾಲದು.

ರಕ್ತದ ಮಾದರಿಗಳ ದಾಖಲೆ ಇಡುವವಳು. ಮೊದಲ ದಿನದಿಂದಲೂ ಇಲ್ಲೇ ಇದ್ದಾಳೆ, ಇಲ್ಲಿಯ ಫ್ರೀಜರುಗಳಿಗಿಂತ ಹಳಬಳು. ಕಂಪ್ಯೂಟರಿಗೆ ಏರಿಸಿದ ಮೇಲೂ ಎಲ್ಲವನ್ನೂ ಉದ್ದದ ಲೆಡ್ಜರಿನಲ್ಲಿ ಕೈಯಲ್ಲಿ ಬರೆಯುತ್ತಾಳೆ. ಇವತ್ತು ನನ್ನ ಮೇಜಿನ ಮೇಲೆ ಒಂದು ಚೀಟಿ: "ಸೊನ್ನೆಗಳ ಪಟ್ಟಿ ದಯವಿಟ್ಟು ತೆಗೆದುಕೊಡಿ." ಮೂರು ವರ್ಷದಿಂದ ವರ್ಷಕ್ಕೊಂದು ಬರುತ್ತದೆ ಈ ಚೀಟಿ. ಫಲಿತಾಂಶದ ಜಾಗದಲ್ಲಿ ಒಂದು, ಎರಡು ಇರುವವರ ಪಟ್ಟಿ ಕೇಳಿದರೆ ಅರ್ಥವಿದೆ, ದೋಷ ಇರುವವರು ಅವರೇ. ಏನೂ ಇಲ್ಲದವರ ಪಟ್ಟಿ ಇಟ್ಟುಕೊಂಡು ಇವಳು ಪೂಜೆ ಮಾಡುತ್ತಾಳಾ? ಚೀಟಿ ಕಸದ ಬುಟ್ಟಿಗೆ.

ಮಾರ್ಚ್ 11, ಮಂಗಳವಾರ

ಕ್ಲೌಡ್ ಮಾರುವವನು ಬಂದಿದ್ದ, ನಮ್ಮ ಡೇಟಾವನ್ನು ಇಂಟರ್ನೆಟ್ ಮೂಲಕ ತಮ್ಮ ಕಂಪ್ಯೂಟರುಗಳಲ್ಲಿ ಇಟ್ಟುಕೊಳ್ಳುವ ಕಂಪನಿಯವನು. ಕೋಟು, ಟೈ, ಬಾಯಿ ತುಂಬ ನಗು. ನಿರ್ದೇಶಕರ ಎದುರಿಗೆ, "ನಿಮಗೆ ಸರ್ವರೇ ಬೇಡ ಮೇಡಂ, ಎಲ್ಲಾ ಮೇಲಕ್ಕೆ ಹಾಕ್ಬಿಡೋಣ" ಎಂದ. ನಮ್ಮ ಹೊಸ ಯಂತ್ರ ವಾರಕ್ಕೆ ಎಷ್ಟು ಡೇಟಾ ಉಗುಳುತ್ತದೆ ಗೊತ್ತಾ ಎಂದು ಕೇಳಿದೆ. ಗೊತ್ತಿರಲಿಲ್ಲ. ನಮ್ಮ ಇಂಟರ್ನೆಟ್ ಲೈನಿನಲ್ಲಿ ಒಂದು ವಾರದ್ದನ್ನು ಮೇಲಕ್ಕೆ ಹಾಕಲು ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ. ಅದೂ ಗೊತ್ತಿಲ್ಲ. ಹನ್ನೊಂದು ದಿನ ಎಂದು ನಾನೇ ಹೇಳಿದೆ. ಅವನು ನಗುತ್ತಲೇ ಇದ್ದ. ಆ ನಗುವಿಗೂ ಸಂಬಳ ಕೊಡುತ್ತಾರೋ ಏನೋ.

ನನ್ನ ಪ್ಲಾನು ಇಷ್ಟೇ: ಎರಡು ಸರ್ವರ್, ಒಂದು ಇಲ್ಲಿ, ಇನ್ನೊಂದು ರಸ್ತೆಯಾಚೆಯ ಕಟ್ಟಡದಲ್ಲಿ. ಒಂದು ಸತ್ತರೆ ಇನ್ನೊಂದು ಎದ್ದು ನಿಲ್ಲಬೇಕು. ಹೊಸ ಯುಪಿಎಸ್, ಸ್ನಾನದ ಮನೆಯಲ್ಲದ ಒಂದು ಕೋಣೆ. ನಿರ್ದೇಶಕರು ಎರಡನೆಯ ಸರ್ವರಿನ ಮೇಲೆ ಪೆನ್ನಿಟ್ಟು, "ಇದು ಬೇಕೇ ಬೇಕಾ?" ಎಂದರು. ಕಡ್ಡಿ ಮುರಿದಂತೆ ಹೇಳಿದೆ: "ಇದು ಬೇಡ ಅಂದ್ರೆ ಮೊದಲನೇದೂ ಬೇಡ ಸಾರ್." ಸಹಿ ಹಾಕಿದರು. ಗೆದ್ದ ದಿನವೂ ನನಗೆ ಇಷ್ಟು ಸಿಟ್ಟು ಯಾಕೆ ಬರುತ್ತದೋ.

ಮಾರ್ಚ್ 18, ಮಂಗಳವಾರ

ಪೆಟ್ಟಿಗೆಗಳು ಬಂದವು. ಲಿಫ್ಟ್ ಕೆಟ್ಟಿದೆ. ಹೊತ್ತವರು ಮೂವರು, ಬೈದವಳು ನಾನೊಬ್ಬಳೇ.

ಹಳೆಯ ಡೇಟಾಬೇಸಿನ ಒಂದು ನಕಲು ತೆಗೆದು ಹೊಸದಕ್ಕೆ ಸುರಿಯುವ ಪ್ರಯೋಗ ಶುರುಮಾಡಿದೆ. ಅಯ್ಯೋ ದೇವರೇ, ಏನು ಕೊಳಕು. ಫಲಿತಾಂಶದ ಕಾಲಂನಲ್ಲಿ ಇರಬೇಕಾದದ್ದು ಎಷ್ಟು ದೋಷ ಸಿಕ್ಕವು ಎನ್ನುವ ಒಂದು ಅಂಕಿ. ಕೆಲವರಿಗೆ 1, ಕೆಲವರಿಗೆ 2. ಏನೂ ಇಲ್ಲದವರಿಗೆ ಕೆಲವು ಕಡೆ ಅಂಕಿಯಲ್ಲಿ 0, ಕೆಲವು ಕಡೆ ಅಕ್ಷರದಲ್ಲಿ "ಶೂನ್ಯ". ಇದೂ ಲೆಡ್ಜರಮ್ಮನದೇ ಕರಾಮತ್ತು. ಮನಸ್ಸು ಬಂದಾಗ ಸೊನ್ನೆ, ಮನಸ್ಸು ಬಂದಾಗ ಶೂನ್ಯ. ಶಿಸ್ತು ಅನ್ನುವುದು ಬೇಡವೇ? ಹೊಸ ಸಿಸ್ಟಂ ಅಂಕಿಯನ್ನು ಬಿಟ್ಟು ಬೇರೇನೂ ಒಪ್ಪುವುದಿಲ್ಲ. ಒಂದೇ ಸಾಲಿನ ಆದೇಶ ಕೊಟ್ಟು ಎಲ್ಲ "ಶೂನ್ಯ"ಗಳನ್ನೂ 0 ಮಾಡಿದೆ. ನಾಲ್ಕು ಸೆಕೆಂಡು. ಅವಳ ಹತ್ತೊಂಬತ್ತು ವರ್ಷದ ಅಶಿಸ್ತಿಗೆ ನಾಲ್ಕು ಸೆಕೆಂಡು.

ಮಾರ್ಚ್ 20, ಗುರುವಾರ

ನೋಡಿದೆ.

ನೋಡಬಾರದಿತ್ತು. ಪ್ರಯೋಗದ ಪಟ್ಟಿ ಪರದೆಯ ಮೇಲೆ ಸರಿಯುತ್ತಿತ್ತು, ನನ್ನ ತಮ್ಮ ರಕ್ತ ಕೊಟ್ಟ ವರ್ಷ ಬಂತು, ನನ್ನ ಕೈ ನಿಂತಿತು. ಅವನ ಸಂಖ್ಯೆ ನನಗೆ ಬಾಯಿಪಾಠ. ತೆರೆದೆ. 0.

ಆಫೀಸಿನ ಹಿಂದಿನ ಸೈಕಲ್ ಸ್ಟ್ಯಾಂಡಿಗೆ ಹೋಗಿ ಫೋನ್ ಮಾಡಿದೆ. "ಲೋ, ಏನೂ ಇಲ್ಲ ಕಣೋ. ಸೊನ್ನೆ." "ಅಕ್ಕ, ನೀನೇ ಕಣ್ಣಾರೆ ನೋಡಿದ್ಯಾ?" ಎಂದ. "ನಾನೇ ನೋಡಿದೆ." ಫೋನಿನಲ್ಲಿ ಅವನು ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. ನಾನಂತೂ ಅತ್ತೆ. ಯಾರದೋ ಸ್ಕೂಟರಿನ ಮೇಲೆ ಕುಳಿತು ಅತ್ತೆ.

ಮಾರ್ಚ್ 24, ಸೋಮವಾರ

ತಮ್ಮ ಇವತ್ತಿನಿಂದ ಏಣಿಗಾಡಿಗೆ ವಾಪಸ್. ತಾನೇ ಕೇಳಿಕೊಂಡು ಕುಳಿತಿದ್ದ, ತಾನೇ ಕೇಳಿಕೊಂಡು ಎದ್ದ. ಅವನ ಹೆಂಡತಿ ಫೋನ್ ಮಾಡಿ, "ಅತ್ತಿಗೆ, ಇವ್ರು ಬೆಳಿಗ್ಗೆಯಿಂದ ಸಿಳ್ಳೆ ಹಾಕ್ತಾ ಓಡಾಡ್ತಿದಾರೆ. ಮದುವೆ ಆದಾಗಿನಿಂದ ಇವ್ರಿಗೆ ಸಿಳ್ಳೆ ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ" ಎಂದಳು.

ಇತ್ತ ಲೆಡ್ಜರಮ್ಮ ಸಹಿ ಹಾಕುವುದಿಲ್ಲ ಎಂದು ಕುಳಿತಿದ್ದಾಳೆ. ಹೊಸದರಲ್ಲಿರುವುದು ಹಳೆಯದಕ್ಕೆ ಸರಿಯಾಗಿದೆ ಎಂದು ಅವಳು ಬರೆದುಕೊಡದೆ ಹೊಸ ಸರ್ವರ್ ಶುರುವಾಗುವಂತಿಲ್ಲ. ಪೂರ್ತಿ ಪಟ್ಟಿಯನ್ನು ಕಾಗದದಲ್ಲೇ ಕೊಡಬೇಕಂತೆ. ನೂರಾ ಇಪ್ಪತ್ತನಾಲ್ಕು ಹಾಳೆ ಕೊಟ್ಟೆ. ಅಡಿಪಟ್ಟಿ ಇಟ್ಟುಕೊಂಡು ಸಾಲು ಸಾಲಾಗಿ ತನ್ನ ಲೆಡ್ಜರಿಗೆ ತಾಳೆ ನೋಡುತ್ತಿದ್ದಾಳೆ. ಜಪ್ಪಯ್ಯ ಅಂದರೂ ಬೇಗ ಮಾಡುವುದಿಲ್ಲ. ಅಷ್ಟರಲ್ಲಿ ಮೂರನೇ ಡಿಸ್ಕ್ ಸತ್ತರೆ ಅವಳ ಅಡಿಪಟ್ಟಿಯನ್ನೇ ಸರ್ವರಿಗೆ ಸಿಕ್ಕಿಸುತ್ತೇನೆ.

ಮಾರ್ಚ್ 31, ಸೋಮವಾರ

ಹೇಗೆ ಬರೆಯಲಿ.

ಬೆಳಿಗ್ಗೆ ಲೆಡ್ಜರಮ್ಮ ಆ ಹಾಳೆಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಇಟ್ಟಳು. "ಇದಕ್ಕೆ ನಾನು ಸಹಿ ಹಾಕಲ್ಲ ಮೇಡಂ. ಎಲ್ಲಾನೂ ಸೊನ್ನೆ ಮಾಡ್ಬಿಟ್ಟಿದೀರಿ."

"ಸೊನ್ನೆಗೂ ಶೂನ್ಯಕ್ಕೂ ಏನ್ರೀ ವ್ಯತ್ಯಾಸ? ಎರಡೂ ಒಂದೇ ತಾನೆ?" ಎಂದೆ. ಸಾಕಷ್ಟು ಜೋರಾಗಿಯೇ ಅಂದೆ, ಪಕ್ಕದ ಕೋಣೆಯಿಂದ ಯಾರೋ ಇಣುಕಿದರು.

"ಒಂದೇ ಆಗಿದ್ರೆ ಎರಡು ಥರ ಯಾಕೆ ಬರೀತಿದ್ದೆ? ಪರೀಕ್ಷೆ ಮಾಡಿ ಏನೂ ಸಿಗ್ಲಿಲ್ಲ ಅಂದ್ರೆ ಅಕ್ಷರದಲ್ಲಿ ಶೂನ್ಯ ಅಂತ ಬರೀತೀನಿ. ಪರೀಕ್ಷೆನೇ ಆಗಿಲ್ಲ ಅಂದ್ರೆ ಸೊನ್ನೆ ಸುತ್ತಿ ಮುಚ್ತೀನಿ. ಜಾಗ ಖಾಲಿ ಬಿಟ್ರೆ ಯಾರಾದ್ರೂ ಏನಾದ್ರೂ ತುಂಬಿಬಿಡ್ತಾರೆ ಅಂತ. ಮೊದಲನೇ ನಿರ್ದೇಶಕರು ಕಲಿಸಿದ್ದು ಇದು. ಒಂಬತ್ತು ವರ್ಷದ ಹಿಂದೆ ಪರೀಕ್ಷೆ ಮಾಡೋ ಯಂತ್ರ ಏಳು ತಿಂಗಳು ಕೆಟ್ಟಿತ್ತು. ಆಗ ಬಂದ ನಾನೂರ ಹನ್ನೆರಡು ಜನರ ರಕ್ತ ಫ್ರೀಜರ್‌ನಲ್ಲೇ ಉಳೀತು. ಅವರನ್ನೇ ನಾನು ಸೊನ್ನೆಗಳು ಅಂತಿದ್ದಿದ್ದು. ಕಂಪ್ಯೂಟರ್ ಪಟ್ಟಿ ಇಲ್ದೆ ಪರೀಕ್ಷೆಗೆ ತಗೊಳಲ್ಲ ಅಂತಾರೆ; ಪಟ್ಟಿ ಕೊಡಿ, ಪರೀಕ್ಷೆ ಮಾಡಿಸ್ತೀನಿ ಅಂತ ವರ್ಷಾವರ್ಷ ಚೀಟಿ ಬರೆದಿದೀನಲ್ಲ ನಿಮಗೆ."

ಹಳೆಯ ಸರ್ವರಿನಲ್ಲಿ ಎಲ್ಲವೂ ಇದ್ದ ಹಾಗೇ ಇದೆ, ನಾನು ಕೆಡಿಸಿದ್ದು ನಕಲನ್ನು ಮಾತ್ರ. ಅಲ್ಲಿ ತಮ್ಮನ ಹೆಸರು ಹುಡುಕಿದೆ. ಅಕ್ಷರದಲ್ಲಿ ಏನೂ ಇರಲಿಲ್ಲ. ಅಂಕಿಯ ಸೊನ್ನೆ, ದುಂಡಗೆ.

ಅವನ ಫೋನ್ ಆಫ್ ಆಗಿತ್ತು. ಆಟೋ ಹಿಡಿದು ಅಗ್ನಿಶಾಮಕ ಠಾಣೆಗೆ ಹೋದೆ. ಗಾಡಿ ಕರೆಗೆ ಹೋಗಿದೆ, ಯಾವುದೋ ಗೋದಾಮಿಗೆ ಬೆಂಕಿ ಎಂದರು. ಗೇಟಿನ ಹತ್ತಿರ ಒಂದೂಮುಕ್ಕಾಲು ಗಂಟೆ ನಿಂತಿದ್ದೆ. ಕುರ್ಚಿ ಕೊಟ್ಟರು, ಕೂರಲಾಗಲಿಲ್ಲ. ಗಾಡಿ ಬಂತು, ತಮ್ಮ ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ಇಳಿದ. "ಏನಕ್ಕ ಇಲ್ಲಿ?" ಎಂದು ನಕ್ಕ. ನಿಂತಲ್ಲೇ ಹೇಳಿದೆ. ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ಲ ಕಣೋ, ಯಾರೂ ನೋಡೇ ಇಲ್ಲ ಅಂತ.

ಹೆಲ್ಮೆಟ್ ತೆಗೆದು ಗಾಡಿಯ ಮೆಟ್ಟಿಲ ಮೇಲೆ ಕುಳಿತ. "ಆ ರಕ್ತ ಇನ್ನೂ ಇದ್ಯಾ?" ಎಂದ. ಇದೆ ಎಂದೆ. "ಹಾಗಾದ್ರೆ ನೋಡ್ಲಿ ಬಿಡು" ಎಂದು ಎದ್ದು ಪೈಪು ಸುತ್ತಲು ಹೋದ. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ, ಇನ್ನೊಬ್ಬ ಬಂದು ಅವನ ಕೈಯಿಂದ ಪೈಪು ಇಸಿದುಕೊಂಡ.

ಮನೆಯಲ್ಲಿ ನಮ್ಮವರು ಎಲ್ಲ ಕೇಳಿಸಿಕೊಂಡು, "ನಮ್ಮ ಶಾಲೆ ಮಾರ್ಕ್ಸ್ ಪಟ್ಟೀಲಿ ಪರೀಕ್ಷೆಗೆ ಬರದೇ ಇದ್ದೋರಿಗೆ ಸೊನ್ನೆ ಹಾಕಲ್ಲ, ಗೈರು ಅಂತ ಬರೀತೀವಿ" ಎಂದರು. ಇವರು ಇಪ್ಪತ್ತೆರಡು ವರ್ಷದಿಂದ ಗಣಿತದ ಮೇಷ್ಟರು. "ಇದನ್ನ ಮುಂಚೆ ಹೇಳೋಕೇನಾಗಿತ್ತು?" ಎಂದು ಮೈಮೇಲೆ ಬಿದ್ದೆ. "ನೀನು ಯಾವತ್ತು ಕೇಳಿದೆ? ನೀನು ಬೈತಿದ್ದೆ, ನಾನು ಬಾಲ್ಕನೀಲಿದ್ದೆ" ಎಂದರು.

ಏಪ್ರಿಲ್ 2, ಬುಧವಾರ

ನಿರ್ದೇಶಕರಿಗೆ ಎಲ್ಲವನ್ನೂ ಹೇಳಿದೆ, ತಮ್ಮನ ದಾಖಲೆ ತೆರೆದದ್ದನ್ನೂ. ಲಾಗಿನಲ್ಲಿ ಇದ್ದೇ ಇದೆ, ಅವರು ಹುಡುಕುವ ತನಕ ಕಾಯುವುದೇಕೆ. ಅದಕ್ಕೆ ಮೆಮೊ ಕೊಟ್ಟರು. ಸರಿ, ಕೊಡಬೇಕಾದದ್ದೇ.

ಆದರೆ ಆಮೇಲೆ ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿ, "ಆ ನಾನೂರ ಹನ್ನೆರಡು ಜನಕ್ಕೂ ಸದ್ಯಕ್ಕೆ ದೋಷ ಇಲ್ಲ ಅಂತಾನೇ ಹೋಗ್ಲಿ ಮೇಡಂ. ಒಂಬತ್ತು ವರ್ಷ ನೋಡೇ ಇಲ್ಲ ಅಂತ ಗೊತ್ತಾದ್ರೆ ಪ್ರಯೋಗಾಲಯದ ಮಾನ ಹೋಗುತ್ತೆ. ನಿಧಾನಕ್ಕೆ ಪರೀಕ್ಷೆ ಮಾಡಿ, ಸಿಕ್ಕಿದವರಿಗೆ ಆಮೇಲೆ ತಿಳಿಸೋಣ" ಎಂದರು.

ಮೈಯೆಲ್ಲ ಉರಿದುಹೋಯಿತು. "ಸಾರ್, ನಾನು ಒಬ್ಬನಿಗೆ ಆ ಮಾತು ಹೇಳಿದೆ. ಅವನು ಮಾರನೇ ದಿನ ಏಣಿ ಕೇಳಿದ. ಇನ್ನು ನಾನೂರ ಹನ್ನೊಂದು ಜನ ಏನೇನು ಮಾಡ್ತಾರೆ ಅಂತ ನಿಮಗೆ ಗೊತ್ತಾ? ಸುಳ್ಳು ಕಳ್ಸೋ ಸರ್ವರನ್ನ ನಾನು ಶುರುಮಾಡಲ್ಲ. ಬೇಕಾದ್ರೆ ಆ ಕ್ಲೌಡ್ ಮಾರೋವನನ್ನೇ ಕರೆಸಿ." ಬಾಗಿಲ ಹತ್ತಿರ ಲೆಡ್ಜರಮ್ಮ ನಿಂತಿದ್ದರು. ಒಳಗೆ ಬಂದು, "ನಾನೂ ಸಹಿ ಹಾಕಲ್ಲ" ಎಂದಷ್ಟೇ ಹೇಳಿದರು. ನಿರ್ದೇಶಕರು ನಮ್ಮಿಬ್ಬರ ಮುಖವನ್ನೂ ನೋಡಿದರು. ಕೊನೆಗೆ, "ಫೋನ್ ಬಂದ್ರೆ ನಾನು ಎತ್ತಲ್ಲ" ಎಂದರು. ನಾನು ಎತ್ತುತ್ತೇನೆ ಎಂದೆ.

ಏಪ್ರಿಲ್ 4, ಶುಕ್ರವಾರ

ಲೆಡ್ಜರಮ್ಮನವರ ಜೊತೆ ಫ್ರೀಜರ್ ಕೋಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ. ಅವರು ಲೆಡ್ಜರ್ ನೋಡಿ ಸಂಖ್ಯೆ ಓದುವುದು, ನಾನು ದಪ್ಪ ಕೈಗವಸು ಹಾಕಿಕೊಂಡು ಆ ಕೊಳವೆಯನ್ನು ಹುಡುಕಿ ತೆಗೆಯುವುದು. ನಾನೂರ ಹನ್ನೆರಡೂ ಸಿಕ್ಕವು, ಒಂದೂ ಜಾಗ ತಪ್ಪಿರಲಿಲ್ಲ. ಯಾರದನ್ನು ಮೊದಲು ಕಳಿಸುವುದು ಎಂಬುದನ್ನೂ ಅವರೇ ಹೇಳಿದರು: "ಭಾರ ಹೊರೋರು, ಮೆಟ್ಟಿಲು ಹತ್ತೋರು ಮೊದಲು. ಕೂತು ಕೆಲಸ ಮಾಡೋರು ಆಮೇಲೆ." ಪ್ರತಿಯೊಬ್ಬರ ಕೆಲಸವೂ ಆ ಲೆಡ್ಜರಿನಲ್ಲಿದೆ. ನಾನು ಯಾರ ಹೆಸರನ್ನೂ ಎತ್ತಲಿಲ್ಲ. ಅವರು ಎಂಟನೆಯ ಕೊಳವೆ ಕೇಳಿದಾಗ ನನಗೆ ಸಂಖ್ಯೆ ಗೊತ್ತಾಯಿತು, ತೆಗೆದುಕೊಟ್ಟೆ.

ಹೊಸ ಡೇಟಾಬೇಸಿನಲ್ಲಿ ಫಲಿತಾಂಶದ ಪಕ್ಕಕ್ಕೆ ಇನ್ನೊಂದು ಕಾಲಂ ಹಾಕಿದ್ದೇನೆ: ಪರೀಕ್ಷೆ ಆಗಿದೆಯೇ, ಇಲ್ಲವೇ. ಅದನ್ನು ತುಂಬದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಲೆಡ್ಜರಮ್ಮನವರಿಗೆ ತೋರಿಸಿದೆ. "ಅಕ್ಷರ ಇನ್ನೊಂಚೂರು ದೊಡ್ಡದು ಮಾಡಿ" ಎಂದರು. ಮಾಡಿದೆ.

ಏಪ್ರಿಲ್ 10, ಗುರುವಾರ

ಡಾಕ್ಟರರಿಂದ ಕರೆ ಬಂದು ತಮ್ಮ ಹೋಗಿ ಬಂದನಂತೆ. ಅವನ ಹೆಂಡತಿ ಹೇಳಿದಳು. "ಏನಂದ್ರಂತೆ?" ಎಂದೆ. "ನಿಮ್ಮ ಹತ್ರ ತಾವೇ ಹೇಳ್ತಾರಂತೆ ಅತ್ತಿಗೆ" ಎಂದಳು. ದನಿಯಲ್ಲಿ ಏನೂ ತಿಳಿಯಲಿಲ್ಲ. ಎರಡು ಸಲ ಫೋನ್ ಮಾಡಿದೆ, ಅವನು ಎತ್ತಲಿಲ್ಲ.

ಸರ್ವರ್ ನನ್ನ ಎದುರಿಗೇ ಇತ್ತು. ಅವನ ಸಂಖ್ಯೆ, ನನ್ನ ಪಾಸ್‌ವರ್ಡ್, ಎರಡೂ ಬೆರಳ ತುದಿಯಲ್ಲಿವೆ. ಕಂಪ್ಯೂಟರ್ ಆರಿಸಿ ಮನೆಗೆ ಬಂದೆ.

ಏಪ್ರಿಲ್ 13, ಭಾನುವಾರ

ಬೆಳಿಗ್ಗೆ ಏಳಕ್ಕೆ ಹಳೆಯ ಸರ್ವರ್ ನಿಲ್ಲಿಸಿದೆ, ಮಧ್ಯಾಹ್ನ ಎರಡೂವರೆಗೆ ಹೊಸದು ಎದ್ದಿತು. ರಸ್ತೆಯಾಚೆಯದರ ತಂತಿ ಕಿತ್ತು, ಹಾಕಿ, ಮತ್ತೆ ಕಿತ್ತು ನೋಡಿದೆ. ಎಲ್ಲ ಸರಿ. ಲೆಡ್ಜರಮ್ಮನವರು ಕುಳಿತು ಇನ್ನೂರು ಸಾಲು ತಾಳೆ ನೋಡಿ ಸಹಿ ಹಾಕಿದರು.

ನಾಳೆ ಎರಡು ಸಾವಿರದ ಆರುನೂರ ಎಂಬತ್ತೆಂಟು ಜನರಿಗೆ ಫಲಿತಾಂಶ ಹೋಗುತ್ತದೆ. ನಾನೂರ ಹನ್ನೆರಡು ಜನರಿಗೆ, ನಿಮ್ಮ ಪರೀಕ್ಷೆ ಇಷ್ಟು ವರ್ಷ ಆಗಿರಲಿಲ್ಲ, ತಪ್ಪು ನಮ್ಮದು, ಈಗ ಮಾಡುತ್ತಿದ್ದೇವೆ ಎಂದು ಹೋಗುತ್ತದೆ. ಆ ಸಾಲನ್ನು ನಿರ್ದೇಶಕರು ಮೂರು ಸಲ ಹೊಡೆದುಹಾಕಿದರು, ನಾನು ಮೂರು ಸಲ ವಾಪಸ್ ಹಾಕಿದೆ.

ಏಪ್ರಿಲ್ 15, ಮಂಗಳವಾರ

ಒಂಬತ್ತು ಗಂಟೆಗೆ ಶುರುವಾದ ಫೋನು ನಿಲ್ಲಲೇ ಇಲ್ಲ. ಒಬ್ಬಾಕೆ, "ನನ್ನ ಮಗಳು ಆಟ ಬಿಟ್ಟು ಒಂಬತ್ತು ವರ್ಷ ಆಯ್ತು, ಆ ವರ್ಷಗಳನ್ನ ನೀವು ತಂದುಕೊಡ್ತೀರಾ?" ಎಂದರು. ಒಬ್ಬರು ಬಾಯಿಗೆ ಬಂದದ್ದೆಲ್ಲ ಅಂದರು, ಬರೆಯಲಾಗದ ಮಾತು. ಒಬ್ಬ ಮುದುಕರು ನಿಧಾನವಾಗಿ, "ನಮ್ಮ ಹುಡುಗ ಹೋದ ವರ್ಷ ಹೋದ. ಈಗ ಪರೀಕ್ಷೆ ಮಾಡಿ ಏನ್ ಮಾಡ್ತೀರಮ್ಮ?" ಎಂದು ಕೇಳಿದರು. ಎಲ್ಲರಿಗೂ ಹೌದು, ತಪ್ಪು ನಮ್ಮದೇ ಎಂದೆ. ಅವರು ಬೈದು ಮುಗಿಸುವವರೆಗೂ ಫೋನ್ ಇಡಲಿಲ್ಲ. ಲೆಡ್ಜರಮ್ಮನವರು ಪಕ್ಕದಲ್ಲಿ ಕುಳಿತು ಒಬ್ಬೊಬ್ಬರ ಹೆಸರು, ಬರಬೇಕಾದ ದಿನ ಬರೆದುಕೊಳ್ಳುತ್ತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಅರವತ್ತೊಂದು ಕರೆ.

ಆಗ ನನ್ನ ಮೊಬೈಲು ರಿಂಗಾಯಿತು. ತಮ್ಮ. ಅವನ ಹಿಂದುಗಡೆ ನಾಲ್ಕಾರು ಫೋನುಗಳು ರಿಂಗಾಗುತ್ತಿದ್ದವು, ಯಾರೋ ವಿಳಾಸ ಕೇಳುತ್ತಿದ್ದರು. ಕಂಟ್ರೋಲ್ ರೂಮು. ಮತ್ತೆ ಫೋನಿನ ಮುಂದೆ ಬಂದು ಕುಳಿತಿದ್ದಾನೆ. ನನಗೆ ತಿಳಿಯಿತು, ಅವನು ಹೇಳಬೇಕಾಗಿರಲಿಲ್ಲ.

"ಇದೆಯಂತೆ ಅಕ್ಕ," ಎಂದ. "ಅಪ್ಪಂದೇ. ಮಾತ್ರೆ ಕೊಟ್ಟಿದಾರೆ, ಭಾರ ಎತ್ತೋ ಹಾಗಿಲ್ಲ. ಬೇಗ ಗೊತ್ತಾಯ್ತು, ಏನೂ ಆಗಲ್ಲ ಅಂದ್ರು."

"ಬೈಯೋ," ಎಂದೆ. "ಬೆಳಿಗ್ಗೆಯಿಂದ ಎಲ್ರೂ ಬೈದಿದಾರೆ, ನೀನೂ ಬೈದುಬಿಡೋ. ಆ ಏಣಿ ಮೇಲೆ ನಿಂಗೇನಾದ್ರೂ ಆಗಿದ್ರೆ..."

"ಅಕ್ಕ, ಹನ್ನೊಂದು ದಿನ," ಎಂದ ಅವನು. "ಅಪ್ಪ ಹೋದ ಮೇಲೆ ಆ ಹನ್ನೊಂದೇ ದಿನ ನಾನು ಎದೆ ಮೇಲೆ ಕೈ ಇಟ್ಕೊಳ್ದೆ ನಿದ್ದೆ ಮಾಡಿದ್ದು. ತುಂಬಾ ಚೆನ್ನಾಗಿತ್ತು ಕಣೆ."

ನಾನು ಏನಾದರೂ ಹೇಳುವಷ್ಟರಲ್ಲಿ ಅವನ ಮೇಜಿನ ಫೋನು ರಿಂಗಾಯಿತು. "ಇಡ್ತೀನಿ ಅಕ್ಕ, ಎಲ್ಲೋ ಬೆಂಕಿ ಬಿದ್ದಿದೆ" ಎಂದು ಇಟ್ಟ.

ನಮ್ಮ ಫೋನೂ ರಿಂಗಾಗುತ್ತಿತ್ತು. ಲೆಡ್ಜರಮ್ಮನವರು ಎತ್ತಲು ಕೈ ಚಾಚಿದರು. ನಾನು ಎತ್ತಿಕೊಂಡೆ.